ಆ ಕನ್ನಡಕದ ಮನುಷ್ಯ ಹಣೆ ಬಡಿದುಕೊಳ್ಳುವುದೇಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಅಮೆರಿಕದ 'ಟಾಕಿಂಗ್ ಹೆಡ್ಸ್' ತಂಡದ 'ಒನ್ಸ್ ಇನ್ ಎ ಲೈಫ್‌ಟೈಮ್' ಹಾಡಿನ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಪುಟ ಆ ಹಾಡಿಗೇ ಬಿಟ್ಟಿದ್ದೇನೆ. ಸಿನಿಮಾ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ನನ್ನ ಮಗ ಫೋನಿನಲ್ಲಿ ಈ ಹಾಡು ಹಾಕ್ತಾನೇ ಇರ್ತಾನೆ. ಕೋಟು, ಬೋ ಟೈ, ದಪ್ಪ ಕನ್ನಡಕ ಹಾಕಿದ ಒಬ್ಬ ಮನುಷ್ಯ ಬೆವರು ಸುರಿಸಿಕೊಂಡು, ಹಣೆ ಬಡಿದುಕೊಂಡು, ಹಾಡೋದೋ ಭಾಷಣವೋ ಗೊತ್ತಾಗದ ಹಾಗೆ ಏನೋ ಹೇಳ್ತಾನೆ. ಯಾರಿವನು? ಈ ಹಾಡು ಹುಟ್ಟಿದ್ದು ಹೇಗೆ?
— ಒಬ್ಬ ತಾಯಿ, ಮೈಸೂರು

ಅವನು ಡೇವಿಡ್ ಬರ್ನ್. ತಂಡದ ಗಾಯಕ. ಹುಟ್ಟಿದ್ದು ಸ್ಕಾಟ್ಲೆಂಡ್‌ನಲ್ಲಿ, ಬೆಳೆದಿದ್ದು ಅಮೆರಿಕದಲ್ಲಿ. ಅವನ ಜೊತೆ ಡ್ರಮ್ಸ್‌ಗೆ ಕ್ರಿಸ್ ಫ್ರಾಂಟ್ಸ್, ಬೇಸ್ ಗಿಟಾರಿಗೆ ಟೀನಾ ವೇಮೌತ್. ಮೂವರೂ ರೋಡ್ ಐಲೆಂಡ್‌ನ ಚಿತ್ರಕಲಾ ಶಾಲೆಯಲ್ಲಿ ಪರಿಚಯವಾದವರು. ಕ್ರಿಸ್ ಮತ್ತು ಟೀನಾ ಮುಂದೆ ಮದುವೆಯಾದರು. ನ್ಯೂಯಾರ್ಕಿಗೆ ಬಂದು 1975ರಲ್ಲಿ ಸಿಬಿಜಿಬಿ ಅನ್ನೋ ಕ್ಲಬ್ಬಿನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟರು. ಕೀಬೋರ್ಡಿನ ಜೆರ್ರಿ ಹ್ಯಾರಿಸನ್ ಸೇರಿದ್ದು ಸ್ವಲ್ಪ ತಡವಾಗಿ.

1980ರ ಹೊತ್ತಿಗೆ ಅವರ ಮೂರು ಆಲ್ಬಂ ಬಂದಿದ್ದವು, ಹೆಸರೂ ಬಂದಿತ್ತು. ಆದರೆ ಒಳಗೊಳಗೇ ಕಿರಿಕಿರಿ ಶುರುವಾಗಿತ್ತು. ಎಲ್ಲದರಲ್ಲೂ ಬರ್ನ್ ಮಾತೇ ನಡೆಯುತ್ತೆ, ನಾವೇನು ಅವನ ಹಿಂದೆ ವಾದ್ಯ ನುಡಿಸೋ ಬಾಡಿಗೆಯವರಾ ಅನ್ನೋದು ಉಳಿದವರ ಅಸಮಾಧಾನ. ಕ್ರಿಸ್ ಮತ್ತು ಟೀನಾ ಬ್ಯಾಂಡ್ ಬಿಟ್ಟುಬಿಡುವ ಯೋಚನೆಯನ್ನೂ ಮಾಡಿ, ಕೆರಿಬಿಯನ್ ಕಡೆ ರಜೆಗೆ ಹೋದರು. ಹೈಟಿಯಲ್ಲಿ ಅಲ್ಲಿನ ತಾಳವಾದ್ಯಗಳನ್ನು ಕೈಗೆತ್ತಿಕೊಂಡರು. ಬಹಾಮಾಸ್‌ನ ನಸ್ಸಾವಿನಲ್ಲಿ ಕಂಪಾಸ್ ಪಾಯಿಂಟ್ ಅಂತ ಒಂದು ಸ್ಟುಡಿಯೋ ಇತ್ತು, ಅದರ ಹತ್ತಿರವೇ ಒಂದು ಮನೆ ತಗೊಂಡರು.

ಆ ಸ್ಟುಡಿಯೋದಲ್ಲೇ 1980ರ ಬೇಸಿಗೆಯಲ್ಲಿ ಈ ಹಾಡಿನ ಸಂಗೀತ ತಯಾರಾಯಿತು. ನಿರ್ಮಾಪಕ, ಅಂದರೆ ರೆಕಾರ್ಡಿಂಗ್ ನೋಡಿಕೊಳ್ಳುವವನು, ಬ್ರಯಾನ್ ಈನೊ, ಇಂಗ್ಲೆಂಡಿನವನು. ಅವನು ಈ ತಂಡದ ಜೊತೆ ಮಾಡಿದ ಮೂರನೇ ಆಲ್ಬಂ ಇದು, ಹೆಸರು 'ರಿಮೇನ್ ಇನ್ ಲೈಟ್'. ಈ ಸಲ ಅವರು ಹಿಡಿದ ದಾರಿಯೇ ಬೇರೆ. ಬರ್ನ್ ಮನೆಯಲ್ಲಿ ಕೂತು ಹಾಡು ಬರೆದುಕೊಂಡು ಬರೋದು, ಉಳಿದವರು ನುಡಿಸೋದು ಅನ್ನೋದನ್ನು ಕೈಬಿಟ್ಟರು. ಎಲ್ಲರೂ ಸೇರಿ ಸುಮ್ನೆ ನುಡಿಸುತ್ತಾ ಹೋಗೋದು, ಟೇಪ್ ಓಡುತ್ತಾ ಇರೋದು. ಆಮೇಲೆ ಕೇಳಿ, ಚೆನ್ನಾಗಿರೋ ನಾಲ್ಕಾರು ಸೆಕೆಂಡನ್ನು ಆರಿಸಿ, ಅದೊಂದನ್ನೇ ಮತ್ತೆ ಮತ್ತೆ ನುಡಿಸೋದು. ಇವತ್ತು ಈ ಕೆಲಸಕ್ಕೆ ಲ್ಯಾಪ್‌ಟಾಪ್ ಸಾಕು, ಕಾಪಿ-ಪೇಸ್ಟ್ ಮಾಡಿದರೆ ಮುಗೀತು. ಇವರು ನಿಮಿಷಗಟ್ಟಲೆ ಅದೇ ತುಣುಕನ್ನು ಕೈಯಲ್ಲೇ, ಒಂಚೂರೂ ಬದಲಾಗದ ಹಾಗೆ ನುಡಿಸಿದರು. ಟೀನಾಳ ಬೇಸ್ ಗಿಟಾರನ್ನು ಗಮನಿಸಿ. ಶುರುವಿಂದ ಕೊನೆವರೆಗೆ ಅದೇ ಪುಟ್ಟ ಸುತ್ತು, ಮಧ್ಯೆ ಅದೇ ಖಾಲಿ ಜಾಗ. ಬೇರೆ ಎಲ್ಲ ವಾದ್ಯ ಬಂದು ಹೋಗುತ್ತವೆ, ಅದು ಮಾತ್ರ ಅಲುಗಾಡೋದಿಲ್ಲ.

ತಮಾಷೆ ಅಂದರೆ ಈ ಹಾಡು ಈನೊಗೆ ಹಿಡಿಸಿರಲಿಲ್ಲ. ಇದನ್ನು ಬಿಟ್ಟುಬಿಡೋಣ ಅನ್ನೋ ಮಟ್ಟಕ್ಕೆ ಹೋಗಿತ್ತು. ಬರ್ನ್ ಒಬ್ಬನಿಗೆ ನಂಬಿಕೆ, ಇದಕ್ಕೆ ಮಾತು ಕೂರಿಸ್ತೀನಿ ಅಂದ. ಈನೊ ಮಾತಿಲ್ಲದೆ ಗುನುಗುತ್ತಾ ಪಲ್ಲವಿಯ ಧಾಟಿ ಕಂಡುಕೊಂಡ ಮೇಲೆ ಹಾಡಿಗೆ ಒಂದು ರೂಪ ಬಂತು. ಜೆರ್ರಿ ನೀರಿನ ಗುಳ್ಳೆ ಏಳೋ ಹಾಗಿನ ಸಿಂಥಸೈಜರ್ ಸದ್ದು ಸೇರಿಸಿದ. ಕೊನೆಯಲ್ಲಿ ಉಕ್ಕಿ ಬರುವ ಆರ್ಗನ್ ಕೂಡ ಅವನದೇ, ಅದರ ಎಳೆಯನ್ನು ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಹಳೆಯ ಹಾಡೊಂದರಿಂದ ತಗೊಂಡಿದ್ದು. ಮಾತು ಬರೆದು ಹಾಡಿದ್ದು ನ್ಯೂಯಾರ್ಕಿಗೆ ಮರಳಿದ ಮೇಲೆ. ಅಂದರೆ ಹಾಡಿನ ಮೈ ಪೂರ್ತಿ ತಯಾರಾದ ಮೇಲೆ ಮಾತು ಬಂತು. ಮಾತಿನ ಸಾರ ಇಷ್ಟು: ಚಂದದ ಮನೆ, ದೊಡ್ಡ ಕಾರು, ಸಂಸಾರ ಎಲ್ಲ ಇರೋ ಒಬ್ಬ ಮನುಷ್ಯ, ನಾನಿಲ್ಲಿಗೆ ಬಂದಿದ್ದು ಹೇಗೆ ಅಂತ ಕೇಳಿಕೊಳ್ಳುತ್ತಾನೆ.

ಪ್ರಶ್ನೆ: ನಾನು ಮೃದಂಗ ಕಲಿಯುತ್ತಿದ್ದೇನೆ. ಈ ಹಾಡಿಗೆ ತಾಳ ಹಾಕೋಕೆ ಹೋದರೆ ಸಮ (ತಾಳದ ಮೊದಲ ಪೆಟ್ಟು) ಎಲ್ಲಿ ಅನ್ನೋದೇ ತಪ್ಪಿಹೋಗುತ್ತೆ. ನಾಲ್ಕರ ಎಣಿಕೆ ಅಂತ ಗೊತ್ತು, ಆದರೂ ಜಾರುತ್ತೆ. ನನ್ನ ಕಿವಿಯದೇ ದೋಷವಾ?
— ವಿದ್ಯಾರ್ಥಿ, ಧಾರವಾಡ

ನಿಮ್ಮ ಕಿವಿ ಚೆನ್ನಾಗಿದೆ. ನುಡಿಸಿದವರಿಗೇ ಅಲ್ಲಿ ಒಮ್ಮತ ಇರಲಿಲ್ಲ!

ಲೆಕ್ಕಕ್ಕೆ ಇದು ಸೀದಾ ನಾಲ್ಕರ ಎಣಿಕೆ. ಆದರೆ ಈನೊ ಆ ಬೇಸ್ ಸುತ್ತನ್ನು ಕೇಳಿದಾಗ ಉಳಿದವರ ಮೂರನೇ ಪೆಟ್ಟನ್ನು ತನ್ನ ಮೊದಲನೇ ಪೆಟ್ಟು ಅಂದುಕೊಂಡ. ತಂಡದವರು ಒಂದು ಕಡೆಯಿಂದ ಎಣಿಸುತ್ತಿದ್ದರೆ ಅವನು ಎರಡು ಎಣಿಕೆ ಆಚೆಯಿಂದ ಎಣಿಸುತ್ತಿದ್ದ. ಬೇರೆ ನಿರ್ಮಾಪಕ ಆಗಿದ್ದರೆ ಸರಿ ಮಾಡಿ ಮುಂದೆ ಹೋಗುತ್ತಿದ್ದ. ಈನೊ ಅದನ್ನೇ ಹಿಡಿದ, ಒಬ್ಬೊಬ್ಬರೂ ತಮಗೆ ಕೇಳಿಸಿದ ಹಾಗೇ ನುಡಿಸಿ ಅಂತ ಹುರಿದುಂಬಿಸಿದ. ಹಾಗಾಗಿ ಹಾಡಿಗೆ ಎರಡು ಕೇಂದ್ರ ಬಂದುಬಿಟ್ಟಿತು.

ನಮ್ಮಲ್ಲಿ ಅತೀತ, ಅನಾಗತ ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ಇದೆಯಲ್ಲ, ಅದನ್ನು ನೆನೆಸಿಕೊಳ್ಳಿ. ಆದರೆ ಒಂದು ವ್ಯತ್ಯಾಸ. ಅಲ್ಲಿ ಸಮ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಸಾಹಿತ್ಯ ಬೇಕಂತಲೇ ಹಿಂದೆ ಮುಂದೆ ಬರುತ್ತೆ, ತಾಳ ಹಾಕುವ ಕೈ ಮಾತ್ರ ಗಟ್ಟಿಯಾಗಿ ನಿಂತಿರುತ್ತೆ. ಇಲ್ಲಿ ಆ ಕೈಯೇ ಎರಡು. ಒಂದು ಪ್ರಯೋಗ ಮಾಡಿ ನೋಡಿ. ಮೊದಲು ಡ್ರಮ್ಸ್ ಮಾತ್ರ ಹಿಡಿದು ಎಣಿಸಿ. ಆಮೇಲೆ ಡ್ರಮ್ಸ್ ಬಿಟ್ಟು ಬೇಸನ್ನೇ ಹಿಡಿದು ಮೊದಲಿಂದ ಎಣಿಸಿ. ಎರಡನೇ ಸಲ ಅದೇ ಹಾಡು ಸ್ವಲ್ಪ ವಾಲಿದ ಹಾಗೆ ಕೇಳಿಸುತ್ತೆ. ಹಾಡಿನೊಳಗಿನ ಮನುಷ್ಯ ತಾನೆಲ್ಲಿದ್ದೀನಿ ಅಂತ ಕಂಗಾಲಾಗಿ ಕೇಳುತ್ತಿದ್ದರೆ ಕೇಳುಗನ ಕಾಲ ಕೆಳಗಿನ ನೆಲವೂ ಅಲ್ಲಾಡುತ್ತಿರುತ್ತೆ. ಮಾತು ಬರುವ ಮೊದಲೇ ಸಂಗೀತ ಆ ಪ್ರಶ್ನೆ ಕೇಳಿಬಿಟ್ಟಿತ್ತು ಅನ್ನೋದು ನನ್ನ ಅನಿಸಿಕೆ.

ಪ್ರಶ್ನೆ: ಹದಿನೈದು ವರ್ಷದಿಂದ ಇಲ್ಲಿದ್ದೇನೆ. ಸ್ವಂತ ಮನೆ, ದೊಡ್ಡ ಕಾರು, ಎಲ್ಲ ಆಗಿದೆ. ಈ ಹಾಡು ಕೇಳಿದಾಗೆಲ್ಲ ನನ್ನನ್ನೇ ಗೇಲಿ ಮಾಡುತ್ತಿದ್ದಾನೆ ಅನ್ನಿಸುತ್ತೆ. ಇದು ದುಡ್ಡಿನ ಹಿಂದೆ ಬಿದ್ದವರ ಮೇಲಿನ ವ್ಯಂಗ್ಯ ಅಲ್ವಾ? ನಮ್ಮ ದಾಸರ ವೈರಾಗ್ಯದ ಪದಗಳ ಹಾಗೆ?
— ಕನ್ನಡಿಗ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಗೇಲಿ ಅಂತಲೇ ತುಂಬ ಜನ ಓದಿಕೊಂಡರು. 80ರ ದಶಕ, ಸೂಟು ಹಾಕಿ ದುಡ್ಡು ಎಣಿಸುವ ಹುಡುಗರ ಕಾಲ, ಹಾಗಾಗಿ ಈ ಹಾಡು ಅವರಿಗೇ ಬಿಟ್ಟ ಬಾಣ ಅಂತ ವಿಮರ್ಶಕರು ಬರೆದರು. ಬರ್ನ್ ಅದನ್ನು ಒಪ್ಪಲಿಲ್ಲ. ಅವನು ಹೇಳುತ್ತಾ ಬಂದಿದ್ದು ಬೇರೆ: ನಾವೆಲ್ಲ ಅರ್ಧ ನಿದ್ದೆಯಲ್ಲೇ ಬದುಕುತ್ತೇವೆ, ಮನೆ ಸಂಸಾರ ಕೆಲಸ ಅಂತ ಎಲ್ಲಿಗೋ ಬಂದು ಮುಟ್ಟಿರುತ್ತೇವೆ, ಹೇಗೆ ಬಂದೆವು ಅಂತ ನಿಂತು ಕೇಳಿಕೊಳ್ಳೋದೇ ಇಲ್ಲ. ಬೈಗುಳ ಏನಿಲ್ಲ ಅದರಲ್ಲಿ. ಸುಮ್ನೆ ಕಾರು ಓಡಿಸಿ ಸರ್.

ದಾಸರ ಮಾತಿಗೆ ಬಂದರೆ, ಈ ಹಾಡಿನ ಬೇರು ಇರುವುದೂ ಧರ್ಮಬೋಧೆಯಲ್ಲೇ. ಅಮೆರಿಕದ ರೇಡಿಯೋದಲ್ಲಿ ಕ್ರೈಸ್ತ ಬೋಧಕರ ಪ್ರವಚನಗಳು ಬರುತ್ತಿದ್ದವು. ದನಿ ಏರಿಸಿ, ಇಳಿಸಿ, ಒಂದೇ ಮಾತನ್ನು ಮೂರು ಮೂರು ಸಲ ಹೇಳಿ, ಜನರನ್ನು ಆವೇಶಕ್ಕೆ ತರುವ ಶೈಲಿ. ಬರ್ನ್ ಮತ್ತು ಈನೊ ಅಂಥ ದನಿಗಳನ್ನು ಟೇಪಿನಲ್ಲಿ ಹಿಡಿದು, ಅದಕ್ಕೆ ಸಂಗೀತ ಕೂರಿಸಿ, ಬೇರೆಯೇ ಒಂದು ಆಲ್ಬಂ ಮಾಡುತ್ತಿದ್ದರು. ಅದು 'ಮೈ ಲೈಫ್ ಇನ್ ದ ಬುಷ್ ಆಫ್ ಘೋಸ್ಟ್ಸ್'. ಕ್ಯಾಥರಿನ್ ಕೂಲ್ಮನ್ ಅನ್ನುವ ಹೆಸರಾಂತ ಬೋಧಕಿಯ ದನಿ ಬಳಸಲು ಆಕೆಯ ವಾರಸುದಾರರು ಅನುಮತಿ ಕೊಡಲಿಲ್ಲ, ಅದೂ ಒಂದು ಕಾರಣವಾಗಿ ಆ ಆಲ್ಬಂ ತಡವಾಗಿ 1981ರಲ್ಲಿ ಬಂತು. ಈ ಕೆಲಸದ ಗುಂಗಿನಲ್ಲೇ ಬರ್ನ್ ನಮ್ಮ ಹಾಡಿಗೆ ಬಾಯಿಗೆ ಬಂದ ಸಾಲುಗಳನ್ನು ಪ್ರವಚನದ ಧಾಟಿಯಲ್ಲಿ ಹೇಳುತ್ತಾ ಹೋದ. ಚರಣದಲ್ಲಿ ಅವನು ಬೋಧಕ. ಪಲ್ಲವಿಯಲ್ಲಿ ಹಲವು ದನಿ ಸೇರುತ್ತಲ್ಲ, ಅದು ಎದುರು ಕೂತ ಭಕ್ತರು.

ಆದರೆ ದಾಸರಿಗೂ ಇವನಿಗೂ ಹೋಲಿಕೆ ಅಲ್ಲಿಗೆ ನಿಂತುಹೋಗುತ್ತೆ. ದಾಸರು ಸಂಸಾರದ ಗೋಜಲನ್ನು ತೋರಿಸಿ ಕೊನೆಗೆ ವಿಠಲನ ಪಾದಕ್ಕೆ ಕರೆದುಕೊಂಡು ಹೋಗುತ್ತಾರೆ. ರೇಡಿಯೋ ಬೋಧಕನೂ ಹೆದರಿಸಿದ ಮೇಲೆ ಯೇಸುವಿನ ಕಡೆ ಬಾ ಅನ್ನುತ್ತಾನೆ. ಬರ್ನ್ ಮಾತ್ರ ಹೆದರಿಸಿ ಸುಮ್ಮನಾಗಿಬಿಡುತ್ತಾನೆ. ಈ ಮನೆ ನನ್ನದಲ್ಲ ಅಂತ ಹಾಡಿನ ಮನುಷ್ಯ ಬೆಚ್ಚಿಬೀಳುತ್ತಾನೆ, ಪಲ್ಲವಿ ಬಂದು ನೀರು ಹರಿಯುತ್ತಾ ಇದೆ ಅನ್ನುತ್ತೆ. ಅಷ್ಟೇ. ಆ ನೀರು ಸಮಾಧಾನವೋ, ಕೊಚ್ಚಿಕೊಂಡು ಹೋಗೋ ಪ್ರವಾಹವೋ, ಅವನು ಹೇಳೋದಿಲ್ಲ. ಎಲ್ಲ ಮೊದಲಿನ ಹಾಗೇ ಇದೆ ಅಂತ ಪದೇ ಪದೇ ಬರುವ ಆ ಸಾಲೂ ಹಾಗೇ. ಒಂದು ದಿನ ಕೇಳಿದರೆ ನೆಮ್ಮದಿ, ಇನ್ನೊಂದು ದಿನ ಕೇಳಿದರೆ ಶಿಕ್ಷೆ. ಈ ಹಾಡಿನ ಗುಟ್ಟು ಇರೋದೇ ಅಲ್ಲಿ ಅನ್ನೋದು ನನ್ನ ವಾದ. ಪ್ರವಚನದ ಬಿಸಿ ಪೂರ್ತಿ ಇದೆ, ಪರಿಹಾರ ಮಾತ್ರ ಇಲ್ಲ.

ಪ್ರಶ್ನೆ: ಟಾಕಿಂಗ್ ಹೆಡ್ಸ್ ತಂಡವನ್ನು 'ನ್ಯೂ ವೇವ್' ಅಂತಾರಲ್ಲ, ಹಾಗಂದರೆ ಏನು?
— ಓದುಗ, ಹಾಸನ

ಅರ್ಧ ಸಂಗೀತ, ಅರ್ಧ ವ್ಯಾಪಾರ. ಸಿಬಿಜಿಬಿಯಿಂದ ಬಂದ ತಂಡಗಳಿಗೆಲ್ಲ ಮೊದಲು 'ಪಂಕ್', ಅಂದರೆ ಒರಟು ಚುರುಕಿನ ರಾಕ್, ಅಂತ ಹಣೆಪಟ್ಟಿ ಇತ್ತು. ಅಮೆರಿಕದ ರೇಡಿಯೋ ಸ್ಟೇಷನ್‌ಗಳು ಪಂಕ್ ಅಂದರೆ ಮಾರು ದೂರ. ಟಾಕಿಂಗ್ ಹೆಡ್ಸ್ ಹಾಡುಗಳನ್ನು ಹೊರತಂದ ಸೈರ್ ಕಂಪನಿಯ ಮುಖ್ಯಸ್ಥ ಸೀಮೋರ್ ಸ್ಟೈನ್ ಇದನ್ನು ಪಂಕ್ ಅನ್ನಬೇಡಿ, ನ್ಯೂ ವೇವ್ ಅನ್ನಿ ಅಂತ ಪ್ರಚಾರ ಮಾಡಿದ. ಹೆಸರು ಅಂಟಿಕೊಂಡಿತು. ಪಂಕ್‌ನ ಚುರುಕು, ಜೊತೆಗೆ ಸಿಂಥಸೈಜರ್, ಕುಣಿತದ ತಾಳ, ಸ್ವಲ್ಪ ಓದಿಕೊಂಡವರ ತುಂಟತನ, ಇಷ್ಟು ಅಂದುಕೊಂಡರೆ ಸಾಕು.

ಪ್ರಶ್ನೆ: ಇದು ಆ ಕಾಲದಲ್ಲಿ ಭಾರೀ ಹಿಟ್ ಆಗಿರಬೇಕಲ್ವಾ?
— ಓದುಗ, ಬೆಂಗಳೂರು

ಇಲ್ಲ! ಅಮೆರಿಕದಲ್ಲಿ ಮೊದಲ ನೂರರ ಪಟ್ಟಿಯೊಳಗೆ ಬರಲೇ ಇಲ್ಲ. ಆ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆಯವರು ನೂರರ ಕೆಳಗೆ ಇನ್ನೊಂದು ಪಟ್ಟಿ ಇಟ್ಟಿರುತ್ತಾರೆ, ಅದರಲ್ಲಿ 103ಕ್ಕೆ ಬಂದು ನಿಂತಿತು. ಬ್ರಿಟನ್‌ನಲ್ಲಿ ಪರವಾಗಿಲ್ಲ, 1981ರಲ್ಲಿ 14ನೇ ಸ್ಥಾನ. ಹಾಗಂತ ಆಲ್ಬಂ ಬಿದ್ದುಹೋಗಿರಲಿಲ್ಲ, ಅಮೆರಿಕದಲ್ಲೇ 19ನೇ ಸ್ಥಾನಕ್ಕೆ ಏರಿತ್ತು, ವಿಮರ್ಶಕರು ತಲೆ ಮೇಲೆ ಹೊತ್ತುಕೊಂಡಿದ್ದರು. ಹಾಡು ಮಾತ್ರ ರೇಡಿಯೋದಲ್ಲಿ ಬರುತ್ತಿರಲಿಲ್ಲ. ಆಗಿನ ಅಮೆರಿಕದ ರೇಡಿಯೋಗಳಲ್ಲಿ ಅಲಿಖಿತ ಗೆರೆಯೊಂದಿತ್ತು, ಬಿಳಿಯರ ರಾಕ್ ಒಂದು ಕಡೆ, ಕರಿಯರ ಫಂಕ್ (ಕುಣಿತದ ತಾಳದ ಸಂಗೀತ, ಮೇಲೆ ಹೇಳಿದ ಪಂಕ್ ಅಲ್ಲ) ಇನ್ನೊಂದು ಕಡೆ. ಈ ಹಾಡು ಗೆರೆಯ ಮೇಲೇ ಕೂತಿತ್ತು. ರಾಕ್ ಸ್ಟೇಷನ್‌ನವರಿಗೆ ಇದರ ತಾಳ ಜಾಸ್ತಿ ಆಯ್ತು, ಆಚೆಯವರಿಗೆ ಇದು ಬಿಳಿ ಹುಡುಗರ ಕಲಾಶಾಲೆ ಬ್ಯಾಂಡ್.

ಕಿವಿಗೆ ಬೀಳದ ಹಾಡು ಕಣ್ಣಿಗೆ ಬಿತ್ತು. 1981ರ ಆಗಸ್ಟ್ 1ರಂದು ಎಂಟಿವಿ ಶುರುವಾಯಿತು. ಇಪ್ಪತ್ನಾಲ್ಕು ಗಂಟೆ ಹಾಡು ತೋರಿಸಬೇಕು, ಕೈಯಲ್ಲಿ ವಿಡಿಯೋಗಳೇ ಇಲ್ಲ. ಇದ್ದದ್ದನ್ನೇ ತಿರುಗಿಸಿ ತಿರುಗಿಸಿ ಹಾಕಬೇಕಾಯಿತು, ಅದರಲ್ಲಿ ಇದೂ ಒಂದು. ವಿಡಿಯೋ ಮಾಡಿದ್ದು ಬರ್ನ್ ಮತ್ತು ಟೋನಿ ಬೇಸಿಲ್. ಟೋನಿ ನೃತ್ಯ ನಿರ್ದೇಶಕಿ, ಮುಂದೆ 'ಮಿಕ್ಕಿ' ಹಾಡಿನಿಂದ ತಾನೂ ಹೆಸರಾದಳು. ಇಬ್ಬರೂ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಕೂತು ಹಳೆಯ ಫಿಲಂ ನೋಡಿದರು: ಪ್ರವಚನಕಾರರು, ಮೈಮೇಲೆ ದೇವರು ಬಂದವರು, ಆಫ್ರಿಕಾದ ಆಚರಣೆಗಳು. ಮೈಸೂರಿನ ತಾಯಿ ಕೇಳಿದ ಆ ಹಣೆ ಬಡಿತ, ನಡುಕ, ಹಿಂದಕ್ಕೆ ಎಸೆಯಲ್ಪಟ್ಟ ಹಾಗೆ ಬೀಳೋದು, ಎಲ್ಲ ಅಲ್ಲಿಂದ ಬಂದಿದ್ದು. ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳೋದು ಬೇಕಿಲ್ಲ, ದರ್ಶನದ ಪಾತ್ರಿಯನ್ನು ಹತ್ತಿರದಿಂದ ನೋಡಿದವರಿಗೆ ಆ ನಡುಕದ ಗುರುತು ಸಿಗುತ್ತೆ. ಇಲ್ಲಿ ಮೈಮೇಲೆ ಬಂದಿರೋದು ಕೋಟು ಬೋ ಟೈ ಹಾಕಿದ ಆಫೀಸಿನ ಗುಮಾಸ್ತನಿಗೆ, ಅದೇ ವಿಚಿತ್ರ, ಅದೇ ಮಜಾ.

ಆಮೇಲೆ ಸಿನಿಮಾ ಬಂತು. 1983ರ ಡಿಸೆಂಬರಿನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರಿನ ಕಾರ್ಯಕ್ರಮಗಳನ್ನು ಜೊನಾಥನ್ ಡೆಮ್ಮಿ ಚಿತ್ರೀಕರಿಸಿದ, 1984ರಲ್ಲಿ 'ಸ್ಟಾಪ್ ಮೇಕಿಂಗ್ ಸೆನ್ಸ್' ಅಂತ ಬಿಡುಗಡೆಯಾಯಿತು. ಅದರಲ್ಲಿ ಈ ಹಾಡು ಬಂದಾಗ ಕ್ಯಾಮೆರಾ ಹೆಚ್ಚೂಕಮ್ಮಿ ಹಾಡಿನುದ್ದಕ್ಕೂ ಬರ್ನ್ ಮುಖ ಬಿಟ್ಟು ಅಲುಗಾಡೋದೇ ಇಲ್ಲ. ಬೇರೆ ನಿರ್ದೇಶಕರಾದರೆ ಒಂದು ಹಾಡಿಗೆ ನೂರು ಕಟ್ ಹಾಕುತ್ತಿದ್ದರು. ಬೆವರು, ಕನ್ನಡಕ, ಹಿಂದಕ್ಕೆ ವಾಲುವ ಮೈ, ಅಷ್ಟನ್ನೇ ನೋಡುತ್ತಾ ಕೂರುತ್ತೇವೆ. ನನ್ನ ಪ್ರಕಾರ ಸ್ಟುಡಿಯೋ ಹಾಡಿಗಿಂತ ಇದೇ ಒಂದು ಕೈ ಮೇಲು. 1986ರಲ್ಲಿ ಒಂದು ಹಾಲಿವುಡ್ ಸಿನಿಮಾದಲ್ಲಿ ಹಾಡು ಬಳಕೆಯಾದ ಮೇಲೆ ಈ ವೇದಿಕೆಯ ಆವೃತ್ತಿ ಅಂತೂ ಇಂತೂ ನೂರರ ಪಟ್ಟಿಯೊಳಗೆ ಬಂತು, 91ಕ್ಕೆ! ಹಾಡು ಹುಟ್ಟಿ ಆರು ವರ್ಷ ಆಗಿತ್ತು. ಮುಂದೆ ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್ 20ನೇ ಶತಮಾನದ ನೂರು ಮುಖ್ಯ ಅಮೆರಿಕನ್ ಕೃತಿಗಳನ್ನು ಆರಿಸಿದಾಗ ಅದರಲ್ಲಿ ಇದಕ್ಕೂ ಜಾಗ ಸಿಕ್ಕಿತು. ಅದೂ ರೇಡಿಯೋದವರಿಂದಲೇ, ನೋಡಿ. 1996ರಲ್ಲಿ ಮಪೆಟ್ ಅನ್ನೋ ಬೊಂಬೆಗಳ ಟಿವಿ ಕಾರ್ಯಕ್ರಮದಲ್ಲಿ ಕರ್ಮಿಟ್ ಕಪ್ಪೆ ದೊಗಳೆ ಕೋಟು ಹಾಕಿ ಇದನ್ನು ಹಾಡಿತು. ಮಕ್ಕಳಿಗೆ ಅದನ್ನೇ ಮೊದಲು ತೋರಿಸಿ, ತಪ್ಪೇನಿಲ್ಲ.

ಪ್ರಶ್ನೆ: ಆಫ್ರಿಕಾದ ಸಂಗೀತವನ್ನು ಕದ್ದು ಹೆಸರು ಮಾಡಿದರು ಅಂತ ಓದಿದ್ದೇನೆ. ನಿಜವಾ?
— ಓದುಗಿ, ಉಡುಪಿ

ತಗೊಂಡಿದ್ದು ನಿಜ. ಮುಚ್ಚಿಟ್ಟರಾ ಅಂದರೆ, ಇಲ್ಲ. ನೈಜೀರಿಯಾದ ಫೆಲಾ ಕುಟಿಯ 1973ರ 'ಆಫ್ರೊಡಿಸಿಯಾಕ್' ಆಲ್ಬಮ್ಮನ್ನು ಈನೊ ಬರ್ನ್‌ಗೆ ಕೇಳಿಸಿದ್ದ. ಒಂದೇ ಎಳೆಯನ್ನು ಎಳೆದು ಎಳೆದು, ಅದರ ಮೇಲೆ ವಾದ್ಯ ಹೆಣೆಯುತ್ತಾ ಹೋಗುವ ರೀತಿ ಅಲ್ಲಿಂದ ಬಂದಿದ್ದು. ಅಭ್ಯಾಸದ ಒಂದು ತುಣುಕಿಗೆ ಫೆಲಾ ಹೆಸರನ್ನೇ ಇಟ್ಟಿದ್ದರು. 'ರಿಮೇನ್ ಇನ್ ಲೈಟ್' ಬಂದಾಗ ಪತ್ರಿಕೆಯವರಿಗೆ ಕಳಿಸಿದ ಪ್ರಕಟಣೆಯ ಜೊತೆ ಬರ್ನ್ ಓದಬೇಕಾದ ಪುಸ್ತಕಗಳ ಪಟ್ಟಿಯನ್ನೂ ಇಟ್ಟಿದ್ದ, ಆಫ್ರಿಕಾದ ತಾಳದ ಬಗ್ಗೆ ಜಾನ್ ಮಿಲ್ಲರ್ ಚೆರ್ನಾಫ್ ಬರೆದ ಪುಸ್ತಕ ಅದರಲ್ಲಿತ್ತು. ರಾಕ್ ಬ್ಯಾಂಡಿನವರು ಪತ್ರಕರ್ತರಿಗೆ ಹೋಂವರ್ಕ್ ಕೊಟ್ಟಿದ್ದು! ಕೆಲವರು ಇದು ಪಾಂಡಿತ್ಯದ ಜಂಬ ಅಂತ ನಕ್ಕರು. ನನಗಂತೂ ಕದ್ದು ಸುಮ್ಮನಿರೋದಕ್ಕಿಂತ ಇದು ಎಷ್ಟೋ ಮೇಲು ಅನ್ನಿಸುತ್ತೆ. ಆದರೂ ದುಡ್ಡು, ಹೆಸರು ಹೋಗಿದ್ದು ಎಲ್ಲಿಗೆ ಅಂತ ನೀವು ಕೇಳಿದರೆ ಆ ಪ್ರಶ್ನೆ ನ್ಯಾಯವೇ.

ಇದಕ್ಕೆ ಚಂದದ ಉತ್ತರ ಬಂದಿದ್ದು ಆಫ್ರಿಕಾದಿಂದಲೇ. ಬೆನಿನ್ ದೇಶದ ಗಾಯಕಿ ಏಂಜಲಿಕ್ ಕಿಜೊ 1983ರಲ್ಲಿ ತನ್ನ ದೇಶ ಬಿಟ್ಟು ಪ್ಯಾರಿಸ್‌ಗೆ ಬಂದಳು. ಅಲ್ಲಿ ಒಂದು ಪಾರ್ಟಿಯಲ್ಲಿ ಈ ಹಾಡು ಕೇಳಿದಳು. ಇದು ನಮ್ಮ ಕಡೆಯದು ಅಂದಳಂತೆ, ಜೊತೆಗಿದ್ದವರು ಇಲ್ಲ ಇದು ರಾಕ್ ಅಂತ ತಿದ್ದಿದರಂತೆ. 2018ರಲ್ಲಿ ಆಕೆ ಇಡೀ 'ರಿಮೇನ್ ಇನ್ ಲೈಟ್' ಆಲ್ಬಮ್ಮನ್ನು ಮೊದಲಿಂದ ಕೊನೆವರೆಗೆ ಮತ್ತೆ ಹಾಡಿ ಹೊರತಂದಳು. ಫೆಲಾನ ಜೊತೆ ವರ್ಷಗಟ್ಟಲೆ ಡ್ರಮ್ಸ್ ನುಡಿಸಿದ್ದ ಟೋನಿ ಆಲೆನ್ ಕೂಡ ಅದರಲ್ಲಿದ್ದಾನೆ. ಅವಳ ದನಿಯಲ್ಲಿ ಆ ಗುಮಾಸ್ತನ ಕಂಗಾಲು ಮಾಯವಾಗಿ ಹಾಡು ಹಬ್ಬವಾಗಿಬಿಡುತ್ತೆ. ಸಾಲು ಅವೇ, ಅರ್ಥ ಬೇರೆ. ಕೇಳಲೇಬೇಕು.

ಪ್ರಶ್ನೆ: ಎಲ್ಲರೂ ಸೇರಿ ಮಾಡಿದ ಹಾಡು ಅಂದಿರಿ. ಹಾಗಾದರೆ ಬರೆದವರು ಅಂತ ಯಾರ ಹೆಸರಿದೆ? ಈಗಲೂ ಜೊತೆಗಿದ್ದಾರಾ?
— ಓದುಗ, ಹುಬ್ಬಳ್ಳಿ

ಜಗಳ ಆಗಿದ್ದೇ ಅದಕ್ಕೆ. ಆಲ್ಬಂ ಅಂಗಡಿಗೆ ಬಂದಾಗ ಹಾಡುಗಳೆಲ್ಲ 'ಡೇವಿಡ್ ಬರ್ನ್, ಬ್ರಯಾನ್ ಈನೊ, ಟಾಕಿಂಗ್ ಹೆಡ್ಸ್' ಅಂತ ಅಚ್ಚಾಗಿತ್ತು. ಇಬ್ಬರಿಗೆ ಹೆಸರು, ಮೂವರು ಗುಂಪಿನಲ್ಲಿ ಗೋವಿಂದ! ಬೇಸ್, ಡ್ರಮ್ಸ್, ಕೀಬೋರ್ಡ್ ಇಲ್ಲದೆ ಈ ಹಾಡಿನಲ್ಲಿ ಏನು ಉಳಿಯುತ್ತೆ ಹೇಳಿ? ಸಿಟ್ಟು ಬರದೇ ಇರುತ್ತಾ? ಆಮೇಲಿನ ಮುದ್ರಣಗಳಲ್ಲಿ ಐದೂ ಹೆಸರು ಬಂದವು. ಈನೊ ಜೊತೆಗಿನ ಕೆಲಸ ಅಲ್ಲಿಗೆ ಮುಗಿಯಿತು. ಕ್ರಿಸ್ ಮತ್ತು ಟೀನಾ ಅದೇ ನಸ್ಸಾವಿನ ಸ್ಟುಡಿಯೋಕ್ಕೆ ಮರಳಿ 'ಟಾಮ್ ಟಾಮ್ ಕ್ಲಬ್' ಅಂತ ತಮ್ಮದೇ ತಂಡ ಕಟ್ಟಿದರು. ಅವರ 'ಜೀನಿಯಸ್ ಆಫ್ ಲವ್' ಕರಿಯರ ಸ್ಟೇಷನ್‌ಗಳಲ್ಲೂ ಧೂಳೆಬ್ಬಿಸಿತು. ಬರ್ನ್‌ಗೆ ದಾಟಲಾಗದ ಗೆರೆಯನ್ನು ಇವರು ಆರಾಮಾಗಿ ದಾಟಿಬಿಟ್ಟರು. ಮರಾಯಾ ಕ್ಯಾರಿಯ 1995ರ 'ಫ್ಯಾಂಟಸಿ' ಹಾಡು ನಿಂತಿರೋದೂ ಅದೇ ಸಂಗೀತದ ತುಣುಕಿನ ಮೇಲೆ.

ಟಾಕಿಂಗ್ ಹೆಡ್ಸ್ 1991ರಲ್ಲಿ ಅಧಿಕೃತವಾಗಿ ಒಡೆಯಿತು. 2002ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ನಾಲ್ವರೂ ಒಟ್ಟಿಗೆ ನುಡಿಸಿದರು. 2023ರಲ್ಲಿ 'ಸ್ಟಾಪ್ ಮೇಕಿಂಗ್ ಸೆನ್ಸ್' ಸಿನಿಮಾವನ್ನು ಹೊಸದಾಗಿ ಶುದ್ಧಮಾಡಿ ಟೊರೊಂಟೊ ಚಿತ್ರೋತ್ಸವದಲ್ಲಿ ತೋರಿಸಿದಾಗ ನಾಲ್ವರೂ ಪಕ್ಕಪಕ್ಕ ಕೂತು ಮಾತಾಡಿದರು. ಕೂತು ಮಾತಾಡಿದರು, ಅಷ್ಟೇ. ವಾದ್ಯ ಮುಟ್ಟಲಿಲ್ಲ.